ಫ್ಲೆಕ್ಸಿನಲ್ಲಿ ನನಗೆ ಸಿಕ್ಕಿರುವ ಕೆಲಸದ ಕುರಿತು

ಇವರಿಗೆ,
ಶಾಖಾ ವ್ಯವಸ್ಥಾಪಕರು,
ಕಂಪ್ಯೂಟರ್ ಅಕೌಂಟಿಂಗ್ ತರಬೇತಿ ಕೇಂದ್ರ, ಕಾರವಾರ ಶಾಖೆ

ವಿಷಯ: ಉದ್ಯೋಗದ ಭರವಸೆ, ಶುಲ್ಕ ವಾಪಸಾತಿ, ಜಿಎಸ್‌ಟಿ ಬಿಲ್ ಮತ್ತು ನನ್ನ ಫೋಟೋ

ಮಾನ್ಯರೇ,

ನಿಮ್ಮ ಮೆಟ್ಟಿಲಿನ ತಿರುವಿನಲ್ಲಿ ಹೊಸ ಫ್ಲೆಕ್ಸ್ ಹಾಕಿದ್ದೀರಿ. ‘ಉದ್ಯೋಗ ಪಡೆದ ನಮ್ಮ ಹೆಮ್ಮೆಯ ವಿದ್ಯಾರ್ಥಿಗಳು’. ಎರಡನೇ ಸಾಲಿನ ಬಲತುದಿಯಲ್ಲಿ ಇರುವವನು ನಾನು. ಅಡ್ಮಿಷನ್ನಿಗೆ ಕೊಟ್ಟ ಪಾಸ್‌ಪೋರ್ಟ್ ಫೋಟೋವನ್ನೇ ಎಳೆದು ದೊಡ್ಡ ಮಾಡಿದ್ದೀರಿ, ಮುಖವೆಲ್ಲ ಚೌಕ ಚೌಕ ಆಗಿದೆ. ಕೆಳಗೆ ‘ಅಕೌಂಟೆಂಟ್’ ಅಂತ ಬರೆದಿದ್ದೀರಿ. ಎಲ್ಲಿ ಅಂತ ಮಾತ್ರ ಬರೆದಿಲ್ಲ. ದಯವಿಟ್ಟು ಆ ಕಂಪನಿಯ ಹೆಸರು, ವಿಳಾಸ ತಿಳಿಸಿ. ನಾನು ಇನ್ನೂ ಕೆಲಸಕ್ಕೆ ಹಾಜರಾಗಿಲ್ಲ. ಅವರು ಕಾಯುತ್ತಿರಬಹುದು, ಸಂಬಳವೂ ಬಾಕಿ ಇರಬಹುದು.

ಇಷ್ಟು ದಿನ ಫೋನಿನಲ್ಲಿ ಮರ್ಯಾದೆಯಿಂದಲೇ ಕೇಳಿದೆ. ‘ಸರ್ ಮೀಟಿಂಗಿನಲ್ಲಿದ್ದಾರೆ’, ‘ಹೆಡ್ ಆಫೀಸಿಗೆ ಮೇಲ್ ಹಾಕಿದ್ದೇವೆ’, ‘ನಾಳೆ ನಾವೇ ಮಾಡ್ತೇವೆ’. ಆ ನಾಳೆ ಇನ್ನೂ ಬಂದಿಲ್ಲ. ಅದಕ್ಕೇ ಈಗ ಸ್ಪೀಡ್ ಪೋಸ್ಟಿನಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಮಾಡದೆ ಬರೆಯಬೇಕು ಅಂತ ಮನೆಯವಳು ಹೇಳಿದ್ದಾಳೆ. ಪ್ರಯತ್ನ ಮಾಡುತ್ತೇನೆ.

ನಾನು ಕುಮಟಾದವನು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸಿದವನು. ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಅಂಗಡಿಗಳ ಬಿಲ್ ಬುಕ್ಕು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಆಗ ಪೇಟೆಯವರಿಗೆಲ್ಲ ಹೊಸ ನಂಬರ್ ಹಾಕಿದ ಬಿಲ್ ಬುಕ್ಕು ಒಂದೇ ಸಲಕ್ಕೆ ಬೇಕಾಗಿತ್ತು. ರಾತ್ರಿಯೆಲ್ಲ ಮೆಷಿನ್ ಓಡಿಸಿದೆ. ಆಮೇಲೆ ಅದೇ ಅಂಗಡಿಯವರು ಒಬ್ಬೊಬ್ಬರಾಗಿ ಕಂಪ್ಯೂಟರ್ ಬಿಲ್ಲಿಗೆ ಹೋದರು. ಲಗ್ನಪತ್ರಿಕೆ ವಾಟ್ಸಾಪಿಗೆ ಹೋಯಿತು. ಈಗ ಹಿರಿಯರಿಗೆ ಕೈಯಲ್ಲಿ ಕೊಡಲಿಕ್ಕೆ ಅಂತ ಐವತ್ತು ಕಾಪಿ ಹೊಡೆಸಿದರೆ ಅದೇ ದೊಡ್ಡದು. ಬಿಲ್ ಬುಕ್ಕು ಹೋದ ಕಡೆಗೇ ನಾನೂ ಹೋಗೋಣ ಅಂತ 48ನೇ ವಯಸ್ಸಿನಲ್ಲಿ ಅಕೌಂಟಿಂಗ್ ಕಲಿಯಲು ಹೊರಟೆ. ಧಾರವಾಡ ಯೂನಿವರ್ಸಿಟಿಯ ಬಿಕಾಂ ಪದವಿ ಕಪಾಟಿನಲ್ಲಿ ಸುಮ್ನೆ ಕೂತಿತ್ತು. ಶಿರಸಿಯ ಅಡಿಕೆ ವ್ಯಾಪಾರಿಗಳು, ಕುಮಟಾ–ಹೊನ್ನಾವರದ ಸೊಸೈಟಿಗಳು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಬಲ್ಲವರನ್ನು ಹುಡುಕಿಕೊಂಡು ಬರುತ್ತಾರೆ ಅಂತ ನಿಮ್ಮ ಕೌನ್ಸೆಲರ್ ಹೇಳಿದ್ದರು. ಬಣ್ಣದ ಪಾಂಪ್ಲೆಟ್ಟಿನಲ್ಲಿ ‘ಶೇ. 100 ಉದ್ಯೋಗ ಭರವಸೆ, ವಯಸ್ಸಿನ ಮಿತಿ ಇಲ್ಲ’ ಅಂತ ಕೆಂಪು ಅಕ್ಷರದಲ್ಲಿತ್ತು. ಕೌನ್ಸೆಲರ್ ಅದರ ಕೆಳಗೆ ಬೆರಳಿಟ್ಟು ಓದಿಸಿದ್ದರು ಕೂಡ.

ಶುಲ್ಕ 30,000. ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 5,400. ಒಟ್ಟು 35,400 ರೂಪಾಯಿ, ಅದೂ ಕ್ಯಾಶೇ ಬೇಕು ಅಂದಿರಿ. ಅಡ್ಡಿ ಇಲ್ಲ, ಕೊಟ್ಟೆ. ನೀವು ಕೊಟ್ಟ ರಶೀದಿ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ರೆಡಿ ಪುಸ್ತಕದ್ದು. ಮೇಲೆ ಓರೆಯಾಗಿ ಒತ್ತಿದ ಒಂದು ರಬ್ಬರ್ ಸ್ಟ್ಯಾಂಪು. ‘ಜಿಎಸ್‌ಟಿಐಎನ್’ ಅಂತ ಅಚ್ಚಾದ ಜಾಗದ ಮುಂದೆ ಖಾಲಿ ಗೆರೆ. ತೆರಿಗೆ ಬಿಲ್ಲಿನಲ್ಲಿ 15 ಅಕ್ಷರದ ಆ ಜಿಎಸ್‌ಟಿ ನೋಂದಣಿ ನಂಬರ್ ಇರಲೇಬೇಕು, ಕರ್ನಾಟಕದ್ದಾದರೆ 29ರಿಂದ ಶುರುವಾಗಬೇಕು, ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತೆಯೇ ಇಲ್ಲ. ಇದನ್ನು ನನಗೆ ಕಲಿಸಿದವರು ಯಾರು? ನಿಮ್ಮದೇ ಪುಸ್ತಕ, ನಾಲ್ಕನೇ ಪಾಠ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗಾಯ್ತು. ಸರಿಯಾದ ಬಿಲ್ ಕೊಡಿ ಅಂದರೆ ‘ಸಾಫ್ಟ್‌ವೇರ್ ಅಪ್‌ಡೇಟ್ ಆಗ್ತಾ ಇದೆ’ ಅಂತ ಉತ್ತರ. ಬಿಲ್ಲಿಂಗ್ ಸಾಫ್ಟ್‌ವೇರ್ ಕಲಿಸುವ ಸಂಸ್ಥೆಯಲ್ಲಿ!

ಸಾಫ್ಟ್‌ವೇರಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ‘ಲೈಸೆನ್ಸ್ ಇರುವ ಟ್ಯಾಲಿಯಲ್ಲಿ ಪ್ರಾಕ್ಟಿಕಲ್’ ಅಂತ ಪಾಂಪ್ಲೆಟ್ಟಿನಲ್ಲಿದೆ. ನಿಮ್ಮ ಲ್ಯಾಬಿನ ಒಂದೊಂದು ಕಂಪ್ಯೂಟರೂ ಎಜುಕೇಷನಲ್ ಮೋಡಿನಲ್ಲೇ ಓಡುತ್ತಿತ್ತು. ಲೈಸೆನ್ಸ್ ಕೊಳ್ಳದೆ ಬಳಸುವವರಿಗೆ ಇರುವ ಮೋಡ್ ಅದು. ಅದರಲ್ಲಿ ತಿಂಗಳಿನ 1, 2, 31 ಈ ತಾರೀಖುಗಳಿಗೆ ಮಾತ್ರ ವೋಚರ್, ಅಂದರೆ ವ್ಯವಹಾರದ ಎಂಟ್ರಿ, ಹಾಕಬಹುದು. ಹಾಗಾಗಿ ನಮ್ಮ ಬ್ಯಾಚಿನ ಲೆಕ್ಕದಲ್ಲಿ ಇಡೀ ಜಿಲ್ಲೆಯ ವ್ಯಾಪಾರ ಒಂದನೇ ತಾರೀಖಿಗೆ ಶುರುವಾಗಿ ಎರಡಕ್ಕೆ ನಿಲ್ಲುತ್ತಿತ್ತು, ಆಮೇಲೆ ತಿಂಗಳ ಕೊನೆಗೆ ಒಂದು ದಿನ ಅಂಗಡಿ ತೆರೆಯುತ್ತಿತ್ತು. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅಂತ ತೆರಿಗೆ ರಿಟರ್ನ್ ಸಲ್ಲಿಸುವ ಕೊನೇ ದಿನಗಳನ್ನು ಬೋರ್ಡಿನ ಮೇಲೆ ಬರೆಸಿದಿರಿ. ಕಂಪ್ಯೂಟರಿನಲ್ಲಿ ಆ ದಿನಗಳೇ ಇರಲಿಲ್ಲ.

‘ಸಿಎಗಳಿಂದ ಪಾಠ’ ಅಂತಲೂ ಇತ್ತು. ಪಾಠ ಮಾಡಿದ್ದು ಹಿಂದಿನ ಬ್ಯಾಚಿನಲ್ಲಿ ಕಲಿತು ಮುಗಿಸಿದ ಹುಡುಗ. ಪಾಪ, ಒಳ್ಳೇ ಹುಡುಗ, ಅವನ ಮೇಲೆ ನನ್ನ ದೂರಿಲ್ಲ. ಅವನ ಕೈಗೆ ನೀವು ಕೊಟ್ಟ ಪುಸ್ತಕದ ಮೇಲೆ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತು. ಸಿಮೆಂಟು 28ರಿಂದ 18ಕ್ಕೆ ಇಳಿಯಿತು, ತುಪ್ಪ 12ರಿಂದ 5ಕ್ಕೆ. ಶಾಲೆ ಮಕ್ಕಳ ನೋಟ್‌ಬುಕ್ಕಿಗೆ 12 ಇದ್ದದ್ದು ಪೂರ್ತಿ ಹೋಯಿತು. ಪೇಪರಿನಲ್ಲಿ ಬಂತು, ಟಿವಿಯಲ್ಲಿ ಬಂತು, ನಮ್ಮೂರ ಕಿರಾಣಿ ಅಂಗಡಿಗೂ ಬಂತು. ನಿಮ್ಮ ಲ್ಯಾಬಿಗೆ ಬರಲಿಲ್ಲ. ಅಕ್ಟೋಬರಿನಲ್ಲೂ ಸಿಮೆಂಟಿಗೆ 28 ಹಾಕಿಸಿದಿರಿ. ನಾನು ಎದ್ದು ಹೇಳಿದ್ದಕ್ಕೆ ಹುಡುಗ ಪುಸ್ತಕ ನೋಡಿ, ‘ಸರ್, ಪರೀಕ್ಷೆಗೆ ಇದನ್ನೇ ಬರೀರಿ’ ಅಂದ. ಪರೀಕ್ಷೆಯಲ್ಲಿ 18 ಅಂತಲೇ ಬರೆದೆ. ಕೆಂಪು ಇಂಕಿನಲ್ಲಿ ತಪ್ಪು ಹಾಕಿ ಎರಡು ಅಂಕ ಕಳೆದಿದ್ದೀರಿ. ಆ ಉತ್ತರ ಪತ್ರಿಕೆ ನನ್ನ ಹತ್ತಿರ ಭದ್ರವಾಗಿದೆ.

ಇದೆಲ್ಲ ಆದರೂ ಕಲಿತೆ. ಮನೆಯಲ್ಲಿ ಮಗಳ ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬ್ ನೋಡಿ ರಾತ್ರಿ ಕೂತು ಕಲಿತೆ. ಕೆಲಸದ ವಿಷಯದಲ್ಲಿ ನಿಮ್ಮ ನಿಯಮ 9(ಬಿ) ಏನು ಹೇಳುತ್ತದೆ ಅಂತ ನಿಮಗೆ ಗೊತ್ತೇ ಇದೆ, ನೀವೇ ಬರೆದದ್ದಲ್ವಾ? ಕೋರ್ಸ್ ಮುಗಿದು 60 ದಿನದ ಒಳಗೆ ‘ಕೋರ್ಸಿಗೆ ಸಂಬಂಧಪಟ್ಟ’ ಮೂರು ಇಂಟರ್‌ವ್ಯೂ ಕೊಡಿಸದಿದ್ದರೆ ಅರ್ಧ ಶುಲ್ಕ ವಾಪಸ್. ನೀವು ಕಳಿಸಿದ್ದು ಎರಡು. ಒಂದು ಹುಬ್ಬಳ್ಳಿಯಲ್ಲಿ, ಫೋನ್ ಮಾಡಿ ಇನ್ಶೂರೆನ್ಸ್ ಮಾರುವ ಕೆಲಸ. ಇನ್ನೊಂದು ಗೋವಾದ ವೆರ್ಣಾದಲ್ಲಿ, ಪ್ಯಾಕಿಂಗ್ ವಿಭಾಗ, ನೈಟ್ ಶಿಫ್ಟ್. ಅಲ್ಲಿಯ ಗೇಟಿನಲ್ಲೇ ‘18ರಿಂದ 28 ವರ್ಷ’ ಅಂತ ಬೋರ್ಡಿತ್ತು. ಸೆಕ್ಯೂರಿಟಿಯವನು ನನ್ನನ್ನು ನೋಡಿ, ಮಗನನ್ನು ಬಿಡಲು ಬಂದವನು ಅಂದುಕೊಂಡು ಹೊರಗಿನ ಬೆಂಚು ತೋರಿಸಿದ.

ಈಗ ಕಳೆದ ಸೋಮವಾರಕ್ಕೆ ಬರುತ್ತೇನೆ. ಬೆಳಗಿನ ಬಸ್ಸಿಗೆ ಹೊರಟು ನಿಮ್ಮ ಮಹಡಿ ಹತ್ತಿದಾಗ ಹನ್ನೊಂದೂವರೆ. ಫ್ಲೆಕ್ಸ್ ನೋಡಿದ್ದು ಆಗಲೇ. ಒಳಗೆ ಬಂದರೆ ನಿಮ್ಮ ಮೇಜಿನ ಮುಂದೆ ಎರಡು ಕುರ್ಚಿ, ಎರಡರಲ್ಲೂ ಜನ. ಅಂಕೋಲಾ ಕಡೆಯ ಒಬ್ಬರು ಅಮ್ಮ, ಅವರ ಮಗ. ಅಡ್ಮಿಷನ್ ವಿಚಾರಿಸಲು ಬಂದಿದ್ದರು. ನನಗೆ ನಿಲ್ಲಲು ಹೇಳಿದಿರಿ. ನಿಂತೆ. ಎಸಿಯ ನೀರು ತೊಟ್ಟಿಕ್ಕುವ ಜಾಗಕ್ಕೆ ಪೇಂಟಿನ ಬಕೆಟ್ ಇಟ್ಟಿದ್ದೀರಲ್ಲ, ಅದರ ಪಕ್ಕದಲ್ಲಿ. ಹುಡುಗ ಚಹಾ ತಂದ. ಮೂರು ಕಪ್. ಅವರಿಗೆ ಎರಡು, ನಿಮಗೆ ಒಂದು. ಚಹಾ ಕುಡಿಯಲು ನಾನು ಕಾರವಾರಕ್ಕೆ ಬಂದಿರಲಿಲ್ಲ, ಸುಮ್ನೆ ಹೇಳಿದೆ.

ಆ ಅಮ್ಮ ಕೇಳಿದರು, ‘ಇವನು ಪಿಯುಸಿ ಫೇಲು, ಎರಡು ವರ್ಷ ಮನೆಯಲ್ಲೇ ಇದ್ದಾನೆ. ವಯಸ್ಸು ಜಾಸ್ತಿ ಆಯ್ತಾ ಏನೋ?’ ನೀವು ಕುರ್ಚಿ ತಿರುಗಿಸಿ ನನ್ನ ಕಡೆ ಕೈ ಮಾಡಿದಿರಿ. ‘ವಯಸ್ಸೆಂಥದ್ದು ಮೇಡಂ? ನೋಡಿ, ಈ ಅಂಕಲ್ ನಮ್ಮಲ್ಲೇ ಕಲಿತಿದ್ದು. ಅರವತ್ತರ ಹತ್ತಿರ ಇದ್ದಾರೆ, ಆದರೂ ಕಲಿತರು!’

ನನ್ನ ಆಧಾರ್ ಕಾಪಿ ನಿಮ್ಮ ಫೈಲಿನಲ್ಲಿದೆ. ಒಮ್ಮೆ ತೆಗೆದು ನೋಡಿ. ಶುಲ್ಕ ಕಟ್ಟುವ ತನಕ ನಾನು ‘ಸರ್’ ಆಗಿದ್ದೆ ಅನ್ನುವುದೂ ನೆನಪಿರಲಿ.

ಅಮ್ಮ ನನ್ನನ್ನೇ ಕೇಳಿದರು. ‘ಕೆಲಸ ಸಿಕ್ತಾ?’

ನಾನು ಬಾಯಿ ತೆರೆಯುವ ಮೊದಲೇ ನೀವು ಹೇಳಿದಿರಿ, ‘ಅವರಿಗೆ ಸ್ವಂತ ಬಿಸಿನೆಸ್ ಇದೆ ಮೇಡಂ. ಹೊರಗೆ ಫ್ಲೆಕ್ಸಿನಲ್ಲಿ ಫೋಟೋ ಇದೆ, ಹೋಗುವಾಗ ನೋಡಿ.’ ಮತ್ತೆ ಹುಡುಗನನ್ನು ಕರೆದು ಅವರಿಬ್ಬರನ್ನು ಲ್ಯಾಬ್ ನೋಡಲು ಕಳಿಸಿದಿರಿ. ಅವರು ಆಚೆ ಹೋಗುತ್ತಲೇ ನಿಮ್ಮ ದನಿ ಬದಲಾಯಿತು. ‘ಏನು ಅಂಕಲ್, ಅಡ್ಮಿಷನ್ ಟೈಮಲ್ಲೇ ಬರ್ತೀರಲ್ಲ?’ ನಾನು ನಿಯಮ 9(ಬಿ) ಅಂದೆ. ನೀವು ಮೊಬೈಲ್ ನೋಡುತ್ತಾ, ‘ಎರಡು ಇಂಟರ್‌ವ್ಯೂ ಕೊಡಿಸಿದ್ದೇವೆ’ ಅಂದಿರಿ. ಮೂರು ಅಂತ ಇದೆ ಅಂದೆ. ‘ಎರಡರಲ್ಲೇ ಆಗದವರಿಗೆ ಮೂರನೇದರಲ್ಲಿ ಏನಾಗ್ತದೆ?’ ಅಂದಿರಿ. ಫೋಟೋ ಯಾಕೆ ಹಾಕಿದಿರಿ ಅಂದೆ. ‘ಫ್ರೀ ಪಬ್ಲಿಸಿಟಿ ಅಲ್ವಾ ನಿಮಗೆ?’ ಅಂದಿರಿ. ಕೊನೆಗೆ, ನನಗೆ ಇನ್ನೂ ಕಿವಿಯಲ್ಲಿ ಇರುವ ಮಾತು: ‘ಅಂಕಲ್, ಬೇಜಾರು ಮಾಡ್ಕೋಬೇಡಿ. ಈ ವಯಸ್ಸಿಗೆ ಯಾರು ಕೆಲಸ ಕೊಡ್ತಾರೆ ಹೇಳಿ. ಮಕ್ಕಳನ್ನು ದುಡಿಯಲಿಕ್ಕೆ ಹಾಕಿ, ನೀವು ಆರಾಮ ಇರಿ.’ ಆಗ ನಿಮ್ಮ ರಿಸೆಪ್ಷನ್ನಿನ ಹುಡುಗಿ ನಕ್ಕಳು. ಲ್ಯಾಬಿನ ಬಾಗಿಲಲ್ಲಿ ಆ ಅಮ್ಮ ನಿಂತು ಕೇಳಿಸಿಕೊಂಡರು, ಮಗನ ಕೈ ಹಿಡಿದು ಕೆಳಗಿಳಿದರು. ಅವರು ವಾಪಸ್ ಬಂದು ದುಡ್ಡು ಕಟ್ಟಿದರೋ ಇಲ್ಲವೋ ಗೊತ್ತಿಲ್ಲ. ಕಟ್ಟಿರಲಿಕ್ಕಿಲ್ಲ.

ಹಾಗಾದರೆ, ಮಾರಾಯರೇ, ಈ ವಯಸ್ಸಿಗೆ ಯಾರೂ ಕೆಲಸ ಕೊಡುವುದಿಲ್ಲ ಅಂತ ದುಡ್ಡು ಎಣಿಸಿಕೊಳ್ಳುವ ದಿನ ನಿಮಗೆ ಗೊತ್ತಿರಲಿಲ್ವಾ? ಗೊತ್ತಿದ್ದರೆ ‘ವಯಸ್ಸಿನ ಮಿತಿ ಇಲ್ಲ’ ಅನ್ನುವುದು ಸುಳ್ಳು. ಗೊತ್ತಿರಲಿಲ್ಲ ಅಂದರೆ ‘ವೃತ್ತಿ ಮಾರ್ಗದರ್ಶನ’ ಅನ್ನುವ ಬೋರ್ಡು ಸುಳ್ಳು. ಎರಡರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಿ.

ನಿಮ್ಮ ಪಾಂಪ್ಲೆಟ್ಟನ್ನು ಮನೆಗೆ ಬಂದು ಮತ್ತೆ ನೋಡಿದೆ. ಮುದ್ರಣದವನ ಕಣ್ಣು, ಬಿಡುವುದಿಲ್ಲ. ಭರವಸೆ ಕನ್ನಡದಲ್ಲಿ, ಹೆಬ್ಬೆರಳು ಗಾತ್ರ. ಷರತ್ತು ಇಂಗ್ಲಿಷಿನಲ್ಲಿ, 5 ಪಾಯಿಂಟ್ ಅಕ್ಷರ, ಬೂದು ಬಣ್ಣದ ಮೇಲೆ ಬೂದು ಇಂಕು. ಭರವಸೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅಕ್ಷರವೂ ಅದೇ ಇರಬೇಕು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನಿನಲ್ಲೇ ಹೇಳಿದೆ. ಕೋಚಿಂಗ್ ಸಂಸ್ಥೆಗಳ ಜಾಹೀರಾತಿಗೆ 2024ರ ನವೆಂಬರಿನಲ್ಲಿ ಬೇರೆಯೇ ಮಾರ್ಗಸೂಚಿ ತಂದಿದೆ. ವಿದ್ಯಾರ್ಥಿಯ ಫೋಟೋ ಹಾಕಬೇಕಾದರೆ ಬರಹದಲ್ಲಿ ಒಪ್ಪಿಗೆ ಬೇಕು, ಅದನ್ನೂ ಆತ ಯಶಸ್ಸು ಪಡೆದ ಮೇಲೆ ತೆಗೆದುಕೊಳ್ಳಬೇಕು ಅಂತ ಅದರಲ್ಲಿದೆ. ನಮ್ಮದು ಕೋಚಿಂಗ್ ಅಲ್ಲ, ಕೌಶಲ ತರಬೇತಿ ಅಂತ ನೀವು ಹೇಳಬಹುದು. ಹೇಳಿ. ಗ್ರಾಹಕ ಆಯೋಗದ ಮುಂದೆಯೇ ಹೇಳಿ.

ನನಗೆ ಬೇಕಾದದ್ದು ಇಷ್ಟೇ. ನಿಯಮದ ಪ್ರಕಾರ ಅರ್ಧ ಶುಲ್ಕ, ಅಂದರೆ 15,000. ಕಟ್ಟಿಸಿಕೊಂಡ 5,400ಕ್ಕೆ ನಂಬರ್ ಇರುವ ಬಿಲ್, ಇಲ್ಲವಾದರೆ ಆ ದುಡ್ಡೂ ವಾಪಸ್. ಆ ಎರಡು ಅಂಕವನ್ನೂ ಸರಿಮಾಡಿ, ಸಿಮೆಂಟಿಗೆ 18 ಅಂದವನಿಗೆ ಸಲ್ಲಬೇಕಾದದ್ದು ಅದು. ಫ್ಲೆಕ್ಸ್ ಇವತ್ತೇ ಇಳಿಯಬೇಕು.

ಈ ಪತ್ರ ಕೈಸೇರಿ 15 ದಿನ ಕಾಯುತ್ತೇನೆ. ಜಿಲ್ಲಾ ಗ್ರಾಹಕ ಆಯೋಗ ನಿಮ್ಮ ಕಾರವಾರದಲ್ಲೇ ಇದೆ. 5 ಲಕ್ಷದ ತನಕದ ದೂರಿಗೆ ಅಲ್ಲಿ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದ ತನಕ ಅವಕಾಶವಿದೆ. ಖಾಲಿ ಗೆರೆಯ ರಶೀದಿಯ ಒಂದು ಕಾಪಿ ವಾಣಿಜ್ಯ ತೆರಿಗೆ ಕಚೇರಿಗೆ ಹೋಗುತ್ತದೆ. ಗಿರಾಕಿಯಿಂದ ತೆರಿಗೆ ಅಂತ ವಸೂಲಿ ಮಾಡಿದ ದುಡ್ಡನ್ನು ಸರ್ಕಾರಕ್ಕೆ ಕಟ್ಟದಿದ್ದರೆ ಏನಾಗುತ್ತದೆ ಅನ್ನುವುದು ನಿಮ್ಮ ಪುಸ್ತಕದ ಆರನೇ ಪಾಠದಲ್ಲಿದೆ. ನಿಮ್ಮಲ್ಲಿ ಪುಸ್ತಕ ಇಲ್ಲದಿದ್ದರೆ ನನ್ನದರ ಜೆರಾಕ್ಸ್ ಕಳಿಸುತ್ತೇನೆ.

ಇನ್ನೊಂದು ಮಾತು. ಪ್ರೆಸ್ಸಿನ ದೊಡ್ಡ ಮೆಷಿನ್ ಮಾರಿದ್ದೇನೆ, ಸಣ್ಣದು ಇನ್ನೂ ಇದೆ. ಈ ಪತ್ರದ ಮುಖ್ಯ ಭಾಗ ಕಂಪೋಸ್ ಮಾಡಿ ಆಗಿದೆ. ಸಾವಿರ ಕಾಪಿಗೆ ಬೇಕಾದಷ್ಟು ಕಾಗದವೂ ಮನೆಯಲ್ಲೇ ಬಿದ್ದಿದೆ. ಪಿಯುಸಿ ರಿಸಲ್ಟ್ ಬಂದ ಮಾರನೇ ದಿನ ಕುಮಟಾ, ಅಂಕೋಲಾ, ಕಾರವಾರ, ಮೂರೂ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಾನೇ ಹಂಚುತ್ತೇನೆ. ಎಲ್ಲ ಕನ್ನಡದಲ್ಲೇ ಇರುತ್ತದೆ, 16 ಪಾಯಿಂಟ್.

ಇತಿ,
ಕುಮಟಾದ ನಿಮ್ಮ ಹೆಮ್ಮೆಯ ವಿದ್ಯಾರ್ಥಿ

(ರಶೀದಿ, ಉತ್ತರ ಪತ್ರಿಕೆ, ಪಾಂಪ್ಲೆಟ್ ಮತ್ತು ಫ್ಲೆಕ್ಸಿನ ಫೋಟೋ ಇದರ ಜೊತೆಗಿವೆ. ಮೂಲ ಪ್ರತಿಗಳು ನನ್ನ ಹತ್ತಿರವೇ ಇವೆ, ಕೇಳಬೇಡಿ.)