ವಿಮಾನವಾಹಕ ನೌಕೆಗಳ ಅಡ್ಮಿರಲ್: ನಾವು ಮರೆತ ಒಂದು ಹುದ್ದೆ

ಮಾನ್ಯ ಸಂಪಾದಕರೇ,

ಕಾರವಾರದ ನೌಕಾನೆಲೆಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಭಾರತದ ವಿಮಾನವಾಹಕ ನೌಕೆಗಳಾದ ವಿರಾಟ್, ವಿಕ್ರಮಾದಿತ್ಯ ಮತ್ತು ಹೊಸ ವಿಕ್ರಾಂತ್‌ಗಳ ಉದ್ದ, ತೂಕ, ವೇಗ, ವಿಮಾನಗಳ ಸಂಖ್ಯೆ ಎಲ್ಲವೂ ಅದರಲ್ಲಿ ಅಚ್ಚುಕಟ್ಟಾಗಿ ಬಂದಿವೆ. ಆದರೆ ನೌಕೆ ಎಲ್ಲಿಗೆ ಹೋಗಬೇಕು, ಯಾವ ಗುರಿಯ ಮೇಲೆ ದಾಳಿ ಮಾಡಬೇಕು ಎಂಬುದನ್ನು ಅದರ ಕ್ಯಾಪ್ಟನ್ ತೀರ್ಮಾನಿಸುತ್ತಾರೆ ಎಂಬರ್ಥದ ವಾಕ್ಯವೊಂದು ಅಲ್ಲಿದೆ. ಅದು ಸರಿಯಲ್ಲ. ಹಡಗಿನ ಸುರಕ್ಷತೆ, ಸಿಬ್ಬಂದಿ, ವಿಮಾನ ಏರಿಸಲು ಗಾಳಿಗೆ ಮುಖಮಾಡುವುದು, ಇವೆಲ್ಲ ಕ್ಯಾಪ್ಟನ್ ಹೊಣೆ. ಶತ್ರುವಿನಿಂದ ಎಷ್ಟು ದೂರದಲ್ಲಿರಬೇಕು, ಎಷ್ಟು ವಿಮಾನಗಳನ್ನು ದಾಳಿಗೆ ಕಳಿಸಿ ಎಷ್ಟನ್ನು ಕಾವಲಿಗೆ ಉಳಿಸಿಕೊಳ್ಳಬೇಕು ಎಂಬ ತೀರ್ಮಾನ ಅವರ ಮೇಲಿರುವ ಅಡ್ಮಿರಲ್‌ನದು. ಆ ಅಡ್ಮಿರಲ್‌ನ ಹುದ್ದೆ ಹೇಗೆ ಹುಟ್ಟಿತು ಎಂಬುದನ್ನು ಹೇಳದೆ ವಿಮಾನವಾಹಕ ನೌಕೆಯ ಇತಿಹಾಸ ಹೇಳಿದಂತಾಗುವುದಿಲ್ಲ ಎಂಬುದು ನಿವೃತ್ತ ಇತಿಹಾಸ ಅಧ್ಯಾಪಕನಾದ ನನ್ನ ಅಭಿಪ್ರಾಯ.

ಬ್ರಿಟಿಷ್ ನೌಕಾಪಡೆ 1931ರಲ್ಲಿ ‘ರಿಯರ್ ಅಡ್ಮಿರಲ್, ಏರ್‌ಕ್ರಾಫ್ಟ್ ಕ್ಯಾರಿಯರ್ಸ್’, ಅಂದರೆ ವಿಮಾನವಾಹಕ ನೌಕೆಗಳ ಅಡ್ಮಿರಲ್ ಎಂಬ ಹುದ್ದೆಯನ್ನು ಸೃಷ್ಟಿಸಿತು. ಅಲ್ಲಿಯವರೆಗೆ ಯುದ್ಧನೌಕೆಗಳ ದಂಡಿಗೆ ಕಣ್ಣಾಗಿರಲೆಂದು ಒಂದೊಂದು ವಿಮಾನವಾಹಕ ನೌಕೆಯನ್ನು ಜೊತೆಗೆ ಕಳಿಸುವುದೇ ರೂಢಿಯಾಗಿತ್ತು. ಹಲವು ನೌಕೆಗಳನ್ನು ಒಟ್ಟುಗೂಡಿಸಿ, ಅವುಗಳ ವಿಮಾನಗಳನ್ನು ಒಂದೇ ದಾಳಿಯಾಗಿ ಹೂಡುವ ಅಭ್ಯಾಸವನ್ನು ಬೆಳೆಸಲು ಒಬ್ಬ ಹಿರಿಯ ಅಧಿಕಾರಿ ಬೇಕಾಯಿತು. ಮೊದಲು ನೇಮಕಗೊಂಡವರು ರೆಜಿನಾಲ್ಡ್ ಹೆಂಡರ್ಸನ್. ಲೆಕ್ಕವನ್ನು ಕೆದಕಿ ನೋಡುವ ಸ್ವಭಾವದ ಮನುಷ್ಯ ಅವರು. 1917ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದಾಗ, ವಾರಕ್ಕೆ 2,500 ಹಡಗುಗಳು ಬಂದುಹೋಗುತ್ತವೆ, ಅಷ್ಟಕ್ಕೂ ಬೆಂಗಾವಲು ಒದಗಿಸುವುದು ಅಸಾಧ್ಯವೆಂದು ಹಿರಿಯರು ವಾದಿಸುತ್ತಿದ್ದರು. ಆ ಸಂಖ್ಯೆಯಲ್ಲಿ ಸಣ್ಣಪುಟ್ಟ ಕರಾವಳಿ ದೋಣಿಗಳೂ ಸೇರಿವೆಯೆಂದೂ, ಸಾಗರ ದಾಟಿ ಬರುವ ಹಡಗುಗಳು ದಿನಕ್ಕೆ ಇಪ್ಪತ್ತರ ಆಸುಪಾಸಿನಲ್ಲಿವೆಯೆಂದೂ ತೋರಿಸಿಕೊಟ್ಟವರು ಆಗಿನ್ನೂ ಕಮಾಂಡರ್ ಆಗಿದ್ದ ಇದೇ ಹೆಂಡರ್ಸನ್.

ಆದರೆ ಅವರಿಗೆ ದೊರೆತ ಅಧಿಕಾರ ಅರೆಬರೆಯದಾಗಿತ್ತು. ನೌಕಾಪಡೆಯ ವಿಮಾನಗಳು 1918ರ ಏಪ್ರಿಲ್‌ನಲ್ಲೇ ಹೊಸದಾಗಿ ರಚನೆಯಾದ ವಾಯುಪಡೆಯ ಪಾಲಾಗಿದ್ದವು. 1924ರಲ್ಲಿ ‘ಫ್ಲೀಟ್ ಏರ್ ಆರ್ಮ್’ ಎಂಬ ವಿಭಾಗ ಆರಂಭವಾದರೂ ಅದು ವಾಯುಪಡೆಯ ಅಂಗವಾಗಿಯೇ ಉಳಿಯಿತು. ಹಡಗು ಒಬ್ಬರದು, ವಿಮಾನ ಇನ್ನೊಬ್ಬರದು ಎಂಬ ಈ ಇಬ್ಬಗೆಯ ಆಡಳಿತ ಕೊನೆಗೊಳ್ಳಬೇಕೆಂದು 1937ರ ಜುಲೈನಲ್ಲಿ ಸಚಿವ ಥಾಮಸ್ ಇನ್‌ಸ್ಕಿಪ್ ತೀರ್ಪಿತ್ತರೂ ವಿಭಾಗದ ಪೂರ್ಣ ಹಸ್ತಾಂತರವಾದದ್ದು 1939ರ ಮೇ ತಿಂಗಳಲ್ಲಿ, ಅಂದರೆ ಮಹಾಯುದ್ಧಕ್ಕೆ ಮೂರು ತಿಂಗಳಷ್ಟೇ ಬಾಕಿ ಇರುವಾಗ. ಅಮೆರಿಕ ಮತ್ತು ಜಪಾನ್ ಹೊಸ ಹೊಸ ವಿಮಾನಗಳನ್ನು ಹಡಗಿಗೆ ಏರಿಸುತ್ತಿದ್ದ ಕಾಲದಲ್ಲಿ ಬ್ರಿಟಿಷರು ಒಂದರ ಮೇಲೊಂದು ರೆಕ್ಕೆಯಿರುವ ಹಳೆಯ ಮಾದರಿಯ ಸ್ವೋರ್ಡ್‌ಫಿಷ್ ವಿಮಾನದೊಂದಿಗೆ ಯುದ್ಧಕ್ಕಿಳಿದದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಹೆಂಡರ್ಸನ್ ಮುಂದೆ ನೌಕಾ ನಿರ್ಮಾಣದ ಹೊಣೆ ಹೊತ್ತ ಕಂಟ್ರೋಲರ್ ಆಗಿ, ವಿಮಾನಗಳು ಏರಿಳಿಯುವ ಮೇಲ್ಮಟ್ಟಕ್ಕೆ ಉಕ್ಕಿನ ಕವಚ ಹೊದಿಸಿದ ಇಲಸ್ಟ್ರಿಯಸ್ ವರ್ಗದ ನೌಕೆಗಳನ್ನು ಕಟ್ಟಲು ಆದೇಶ ಕೊಡಿಸಿದರು. ಅವು ಯುದ್ಧದಲ್ಲಿ ಪಾಲ್ಗೊಂಡದ್ದನ್ನು ನೋಡಲು ಅವರು ಬದುಕಿರಲಿಲ್ಲ. 1939ರ ಮೇ ತಿಂಗಳಲ್ಲೇ ತೀರಿಕೊಂಡರು.

ಕ್ಯಾಪ್ಟನ್ ಮತ್ತು ಅಡ್ಮಿರಲ್ ನಡುವಿನ ವ್ಯತ್ಯಾಸ ಎಷ್ಟು ಗಂಭೀರವಾದದ್ದು ಎಂಬುದಕ್ಕೆ ಗ್ಲೋರಿಯಸ್ ಎಂಬ ಒಂದೇ ನೌಕೆಯ ಎರಡು ಪ್ರಸಂಗಗಳು ಸಾಕು. 1938ರಲ್ಲಿ, ಯುರೋಪಿನಲ್ಲಿ ಯುದ್ಧದ ಭೀತಿ ತಂದ ಮ್ಯೂನಿಕ್ ಬಿಕ್ಕಟ್ಟಿನ ದಿನಗಳಲ್ಲಿ, ಮೆಡಿಟರೇನಿಯನ್ ಸಮುದ್ರದಲ್ಲಿದ್ದ ಈ ನೌಕೆಯ ಕ್ಯಾಪ್ಟನ್ ಲಮ್ಲಿ ಲಿಸ್ಟರ್ ಅವರು ಇಟಲಿಯ ಟರಾಂಟೊ ಬಂದರಿನ ಮೇಲೆ ರಾತ್ರಿ ದಾಳಿ ನಡೆಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಕ್ಯಾಪ್ಟನ್ ಆಗಿದ್ದಾಗ ಅದು ಕಾಗದದ ಮೇಲಷ್ಟೇ ಇತ್ತು. 1940ರಲ್ಲಿ ಅವರೇ ಮೆಡಿಟರೇನಿಯನ್ನಿನ ವಿಮಾನವಾಹಕ ನೌಕೆಗಳ ರಿಯರ್ ಅಡ್ಮಿರಲ್ ಆಗಿ ಇಲಸ್ಟ್ರಿಯಸ್ ಮೇಲೆ ಧ್ವಜ ಹಾರಿಸಿಕೊಂಡು, ಅಂದರೆ ಅದನ್ನೇ ತಮ್ಮ ಆಜ್ಞಾಕೇಂದ್ರವಾಗಿಸಿಕೊಂಡು ಬಂದಾಗ, ಹಳೆಯ ಯೋಜನೆಯನ್ನು ಮಹಾದಂಡನಾಯಕ ಕನ್ನಿಂಗ್‌ಹ್ಯಾಮ್ ಅವರ ಮುಂದಿಟ್ಟು ಒಪ್ಪಿಸುವ ಸ್ಥಾನ ಅವರಿಗಿತ್ತು. ಅಕ್ಟೋಬರ್ 21ಕ್ಕೆ ನಿಗದಿಯಾಗಿದ್ದ ದಾಳಿ ಹಡಗಿನ ವಿಮಾನಶಾಲೆಯಲ್ಲಿ ಬೆಂಕಿ ಬಿದ್ದದ್ದರಿಂದ ಮುಂದಕ್ಕೆ ಹೋಯಿತು. ಜೊತೆಗೆ ಬರಬೇಕಿದ್ದ ಈಗಲ್ ನೌಕೆ ಇಂಧನ ವ್ಯವಸ್ಥೆಯ ದೋಷದಿಂದ ಹಿಂದುಳಿಯಿತು. ಕೊನೆಗೆ ನವೆಂಬರ್ 11ರ ರಾತ್ರಿ 21 ಸ್ವೋರ್ಡ್‌ಫಿಷ್ ವಿಮಾನಗಳು ಇಟಲಿಯ ಮೂರು ದೊಡ್ಡ ಯುದ್ಧನೌಕೆಗಳನ್ನು ಕೆಡವಿದವು. ಬ್ರಿಟಿಷರು ಕಳೆದುಕೊಂಡದ್ದು ಎರಡು ವಿಮಾನಗಳನ್ನು.

ಎರಡನೆಯ ಪ್ರಸಂಗ ಬರೆಯುವಾಗ ಇಂದಿಗೂ ಮನಸ್ಸು ಭಾರವಾಗುತ್ತದೆ. ಅದೇ 1940ರ ಜೂನ್‌ನಲ್ಲಿ ಗ್ಲೋರಿಯಸ್ ನಾರ್ವೆಯಿಂದ ಹಿಂದಿರುಗುತ್ತಿತ್ತು. ಆಗಿನ ಕ್ಯಾಪ್ಟನ್ ಡಾಯ್ಲಿ ಹ್ಯೂಸ್ ಮೂಲತಃ ಜಲಾಂತರ್ಗಾಮಿ ಅಧಿಕಾರಿ. ದಡದ ಗುರಿಗಳ ಮೇಲಿನ ದಾಳಿಯ ವಿಚಾರದಲ್ಲಿ ತಮ್ಮ ವಿಮಾನ ವಿಭಾಗದ ಮುಖ್ಯಾಧಿಕಾರಿಯೊಂದಿಗೆ ತೀವ್ರ ಭಿನ್ನಾಭಿಪ್ರಾಯ ಬಂದು, ಆ ಅಧಿಕಾರಿಯನ್ನು ಸ್ಕಾಪಾ ಫ್ಲೋ ನೆಲೆಯಲ್ಲೇ ಇಳಿಸಿ ಬಂದಿದ್ದರು. ಆ ಅಧಿಕಾರಿಯ ವಿರುದ್ಧದ ಸೇನಾ ವಿಚಾರಣೆಗೆ ಸಿದ್ಧತೆ ನಡೆಸಬೇಕಿರುವುದರಿಂದ ಉಳಿದ ಹಡಗುಗಳನ್ನು ಬಿಟ್ಟು ಮುಂದಾಗಿ ಹೋಗಲು ಅನುಮತಿ ಬೇಕೆಂದು ಕೇಳಿಕೊಂಡರು. ಆರ್ಕ್ ರಾಯಲ್ ಮೇಲಿದ್ದ, ವಿಮಾನವಾಹಕ ನೌಕೆಗಳ ವೈಸ್ ಅಡ್ಮಿರಲ್ ವೆಲ್ಸ್ ಅನುಮತಿ ಕೊಟ್ಟರು. ಅಧಿಕೃತವಾಗಿ ಮಾತ್ರ ಇಂಧನದ ಕೊರತೆಯನ್ನು ಕಾರಣವಾಗಿ ಹೇಳಲಾಯಿತು. ಜೂನ್ 8ರಂದು ಜರ್ಮನಿಯ ದೊಡ್ಡ ಯುದ್ಧನೌಕೆಗಳಾದ ಶಾರ್ನ್‌ಹೋರ್ಸ್ಟ್ ಮತ್ತು ಗ್ನೈಸೆನಾವ್ ಎದುರಾದಾಗ ಗ್ಲೋರಿಯಸ್‌ನ ಒಂದು ವಿಮಾನವೂ ಕಾವಲಿಗೆ ಆಕಾಶದಲ್ಲಿರಲಿಲ್ಲ. ಅದು ಮತ್ತು ಬೆಂಗಾವಲಿನ ಎರಡೂ ಹಡಗುಗಳು ಮುಳುಗಿ 1,500ಕ್ಕೂ ಹೆಚ್ಚು ಮಂದಿ ಸತ್ತರು. ತಪ್ಪು ಯಾರದು ಎಂಬ ಪ್ರಶ್ನೆ 1999ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲೂ ಚರ್ಚೆಗೆ ಬಂತು. ನನ್ನ ತಿಳಿವಳಿಕೆಯಂತೆ, ಕ್ಯಾಪ್ಟನ್‌ನ ಕೋರಿಕೆಯನ್ನು ತಡೆಹಿಡಿಯುವ ಅಧಿಕಾರವಿದ್ದ ಅಡ್ಮಿರಲ್ ಅದನ್ನು ಬಳಸದಿದ್ದುದು ಕ್ಯಾಪ್ಟನ್‌ನ ತಪ್ಪಿಗಿಂತ ಚಿಕ್ಕದೇನಲ್ಲ.

ಇಲಸ್ಟ್ರಿಯಸ್‌ನ ಕ್ಯಾಪ್ಟನ್ ಡೆನಿಸ್ ಬಾಯ್ಡ್ 1941ರಲ್ಲಿ ಲಿಸ್ಟರ್ ಅವರ ಸ್ಥಾನಕ್ಕೆ ಬಂದರು. ಆ ವರ್ಷದ ಜನವರಿಯಲ್ಲಿ ಮಾಲ್ಟಾದ ಬಳಿ ಜರ್ಮನ್ ಬಾಂಬ್‌ಗಳ ಪೆಟ್ಟು ತಿಂದ ಅವರ ಹಡಗು ಮುಳುಗದೆ ಉಳಿದುದರಲ್ಲಿ ಹೆಂಡರ್ಸನ್ ಹಾಕಿಸಿದ ಉಕ್ಕಿನ ಮೇಲ್ಮಟ್ಟದ ಪಾಲು ದೊಡ್ಡದು. 1942ರಲ್ಲಿ ಬಾಯ್ಡ್ ನಮ್ಮ ಹಿಂದೂ ಮಹಾಸಾಗರಕ್ಕೇ ಬಂದು ಇಂಡಾಮಿಟಬಲ್ ಮೇಲೆ ಧ್ವಜ ಹಾರಿಸಿದರು. ಅದೇ ವರ್ಷದ ಏಪ್ರಿಲ್ 9ರಂದು ಜಪಾನಿ ವಿಮಾನಗಳು ಸಿಲೋನಿನ ಮಟ್ಟಕ್ಕಳಪ್ಪು ತೀರದಾಚೆ ಹರ್ಮಿಸ್ ಎಂಬ ಹಳೆಯ ನೌಕೆಯನ್ನು ಮುಳುಗಿಸಿದವು. ಅಂದು ಆ ವಿಮಾನವಾಹಕ ನೌಕೆಯ ಮೇಲೆ ವಿಮಾನಗಳೇ ಇರಲಿಲ್ಲ. ಯುದ್ಧದ ಕೊನೆಯಲ್ಲಿ ಫಿಲಿಪ್ ವಿಯನ್ ಪೆಸಿಫಿಕ್‌ನಲ್ಲಿ ಇಂಥ ನಾಲ್ಕು ದೊಡ್ಡ ನೌಕೆಗಳನ್ನು ಒಟ್ಟಾಗಿ ನಡೆಸಿದರು. 1956ರಲ್ಲಿ ಈಜಿಪ್ಟಿನ ಮೇಲೆ ನಡೆದ ಸೂಯೆಜ್ ದಾಳಿಯಲ್ಲಿ ‘ಫ್ಲ್ಯಾಗ್ ಆಫೀಸರ್, ಏರ್‌ಕ್ರಾಫ್ಟ್ ಕ್ಯಾರಿಯರ್ಸ್’ ಎಂಬ ಹೆಸರಿನ ಈ ಹುದ್ದೆಯಲ್ಲಿದ್ದವರು ವೈಸ್ ಅಡ್ಮಿರಲ್ ಮ್ಯಾನ್ಲಿ ಪವರ್. ಈಗಲ್, ಆಲ್ಬಿಯನ್, ಬುಲ್‌ವರ್ಕ್ ನೌಕೆಗಳು ಅವರ ಕೈಕೆಳಗಿದ್ದವು.

ಅದಾದ ಹತ್ತು ವರ್ಷಕ್ಕೆ ಹುದ್ದೆಯ ಬುಡವೇ ಅಲುಗಿತು. 1966ರ ಫೆಬ್ರವರಿಯಲ್ಲಿ ರಕ್ಷಣಾ ಸಚಿವ ಡೆನಿಸ್ ಹೀಲಿ ಹೊಸ ವಿಮಾನವಾಹಕ ನೌಕೆಯ ಯೋಜನೆಯನ್ನು ರದ್ದುಪಡಿಸಿದರು. ಅದನ್ನು ಪ್ರತಿಭಟಿಸಿ ನೌಕಾಪಡೆಯ ಮುಖ್ಯಸ್ಥ ಡೇವಿಡ್ ಲೂಸ್ ಮತ್ತು ನೌಕಾ ಸಚಿವ ಕ್ರಿಸ್ಟಫರ್ ಮೇಹ್ಯೂ ರಾಜೀನಾಮೆ ಕೊಟ್ಟರು. ನೌಕೆಗಳು ಕಡಿಮೆಯಾದಂತೆ ಹುದ್ದೆಗೆ ಪಡೆ ಇಳಿಸುವ ಹಡಗುಗಳ ಹೊಣೆಯೂ ಸೇರಿತು. ಕೊನೆಗೆ ಅದು ‘ಮೂರನೆಯ ಫ್ಲೋಟಿಲ್ಲಾ’ದ (ಹಡಗುಗಳ ಒಂದು ಗುಂಪಿನ) ಅಡ್ಮಿರಲ್ ಎಂಬ ಹೆಸರಿನಲ್ಲಿ ಕರಗಿಹೋಯಿತು.

1982ರಲ್ಲಿ ಅರ್ಜೆಂಟೀನಾ ವಿರುದ್ಧ ಫಾಕ್‌ಲ್ಯಾಂಡ್ ಯುದ್ಧ ಬಂದಾಗ ಆ ಹುದ್ದೆಯಲ್ಲಿದ್ದವರು ರಿಯರ್ ಅಡ್ಮಿರಲ್ ಡೆರೆಕ್ ರೆಫೆಲ್. ಎರಡನೆಯ ಹರ್ಮಿಸ್ ನೌಕೆಯ ಕ್ಯಾಪ್ಟನ್ ಆಗಿ ಹಿಂದೆ ದುಡಿದವರು. ಆದರೆ ಆ ಹರ್ಮಿಸ್ ಮೇಲೆ ಧ್ವಜ ಹಾರಿಸಿ ದಕ್ಷಿಣಕ್ಕೆ ಹೋದವರು, ಅಭ್ಯಾಸಕ್ಕಾಗಿ ಜಿಬ್ರಾಲ್ಟರ್ ಬಳಿ ಹಡಗುಗಳೊಂದಿಗೆ ಸಿದ್ಧರಿದ್ದ ಮೊದಲನೆಯ ಫ್ಲೋಟಿಲ್ಲಾದ ಸ್ಯಾಂಡಿ ವುಡ್‌ವರ್ಡ್. ಅವರೂ ಜಲಾಂತರ್ಗಾಮಿ ವಿಭಾಗದವರೇ. ಕ್ಷಿಪಣಿಗಳಿಗೆ ಸಿಗದಂತೆ ವಿಮಾನವಾಹಕ ನೌಕೆಗಳನ್ನು ದ್ವೀಪಗಳಿಂದ ದೂರ, ಪೂರ್ವಕ್ಕೆ ಇರಿಸಿಕೊಂಡದ್ದಕ್ಕೆ ತಮ್ಮವರಿಂದಲೇ ಟೀಕೆ ಕೇಳಬೇಕಾಯಿತು. ಒಂದು ನೌಕೆ ಹೋದರೂ ಯುದ್ಧವೇ ಕೈತಪ್ಪುತ್ತಿತ್ತು ಎಂಬುದನ್ನು ನೆನೆದರೆ ಅವರ ತೀರ್ಮಾನ ಸರಿಯೆಂದೇ ನನಗನಿಸುತ್ತದೆ. ಯಾರೇ ಆಗಲಿ, ಆ ತೀರ್ಮಾನ ಮಾಡಿದ್ದು ಹರ್ಮಿಸ್‌ನ ಕ್ಯಾಪ್ಟನ್ ಅಲ್ಲ.

ಈ ಎರಡನೆಯ ಹರ್ಮಿಸ್ ನೌಕೆಯೇ 1987ರ ಮೇ 12ರಂದು ನಮ್ಮ ನೌಕಾಪಡೆಗೆ ಸೇರಿ ವಿರಾಟ್ ಆಯಿತು. ತಮ್ಮ ಲೇಖನದಲ್ಲಿ ಅದರ ತೂಕಕ್ಕೆ ಒಂದು ಸಾಲು ಸಿಕ್ಕಿದೆ, ಈ ಹಿಂದಿನ ಜೀವನಕ್ಕೆ ಸಿಕ್ಕಿಲ್ಲ. ಭಾರತದಲ್ಲಿ ವಿಮಾನವಾಹಕ ನೌಕೆಗಳಿಗೆಂದೇ ಮೀಸಲಾದ ಅಡ್ಮಿರಲ್ ಹುದ್ದೆಯ ಬದಲು ಪಶ್ಚಿಮ ಮತ್ತು ಪೂರ್ವ ಫ್ಲೀಟ್‌ಗಳ (ಯುದ್ಧನೌಕೆಗಳ ದಂಡುಗಳ) ಅಡ್ಮಿರಲ್‌ಗಳಿಗೆ ಆ ಹೊಣೆ ಬರುತ್ತದೆ. 1971ರಲ್ಲಿ ಹಳೆಯ ವಿಕ್ರಾಂತ್ ಚಿತ್ತಗಾಂಗ್ ಮತ್ತು ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದಾಗ ಅದು ಆ ವರ್ಷ ನವೆಂಬರ್ 1ರಂದಷ್ಟೇ ರಚನೆಯಾಗಿದ್ದ ಪೂರ್ವ ಫ್ಲೀಟ್‌ನ ಭಾಗವಾಗಿತ್ತು; ಆ ಫ್ಲೀಟ್‌ನ ಅಡ್ಮಿರಲ್ ಎಸ್. ಎಚ್. ಶರ್ಮಾ, ನೌಕೆಯ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್. ಇಬ್ಬರ ಕೆಲಸವೂ ಬೇರೆ ಬೇರೆ, ಇಬ್ಬರ ಹೆಸರೂ ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಆದುದರಿಂದ ಆ ಒಂದು ವಾಕ್ಯವನ್ನು ತಿದ್ದಿ ಪ್ರಕಟಿಸಬೇಕೆಂದೂ, ಲೇಖನಮಾಲೆಯ ಮುಂದಿನ ಕಂತಿನಲ್ಲಿ ಫ್ಲೀಟ್‌ನ ಅಡ್ಮಿರಲ್ ಮತ್ತು ನೌಕೆಯ ಕ್ಯಾಪ್ಟನ್ ಇವರ ಹೊಣೆಗಳನ್ನು ಪ್ರತ್ಯೇಕವಾಗಿ ವಿವರಿಸಬೇಕೆಂದೂ ತಮ್ಮಲ್ಲಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ಅಂಕೋಲಾ