ರಾಜೀನಾಮೆ ಬರೆಯೋ ಮುಂಚೆ, ಮಹದೇವ

ಪ್ರಿಯ ಮಹದೇವ,

"ಎಂಟು ವರ್ಷ ಆಯ್ತು, ಅದೇ ವಾರ್ಡು, ಅದೇ ಡ್ಯೂಟಿ, ಇದ್ದಲ್ಲೇ ಇದ್ದೀನಿ" ಅಂತ ಬರೆದಿದ್ದೀಯ. ಮಂಡ್ಯದಿಂದ ಮೈಸೂರಿನ ಖಾಸಗಿ ಆಸ್ಪತ್ರೆಗೆ ಓಡಾಡಿಕೊಂಡು ನರ್ಸ್ ಆಗಿ ನೈಟ್ ಡ್ಯೂಟಿ ಮಾಡುವವನ ಮಾತನ್ನು ಬರೀ ಬೇಸರ ಅಂತ ತಳ್ಳಿಹಾಕೋಕೆ ಆಗಲ್ಲ. ಆದರೆ ನಿನ್ನ ತೊಂದರೆ ಒಂದಲ್ಲ, ಮೂರಿರಬಹುದು. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ನರ್ಸ್‌ಗಳು ಎಡವೋದು ಹೆಚ್ಚಾಗಿ ಇಲ್ಲೇ.

ಮೊದಲು ಹುದ್ದೆಯ ವಿಷಯ. 30 ಹಾಸಿಗೆಯ ವಾರ್ಡಿಗೆ ಮೂರು ಶಿಫ್ಟು, ವಾರದ ರಜೆ ಎಲ್ಲ ಸೇರಿ 15 ನರ್ಸ್‌ಗಳಿದ್ದಾರೆ ಅಂದುಕೊ. ಇನ್‌ಚಾರ್ಜ್ ಕುರ್ಚಿ ಒಂದೇ. ಉಳಿದ 14 ಜನ ಹಿಂದೆ ಬಿದ್ದಿರುವುದು ಅವರ ಕೊರತೆಯಿಂದಲ್ಲ, ಮೇಲೆ ಜಾಗವೇ ಇಲ್ಲದ್ದರಿಂದ. ರಾಜ್ಯ ಸರ್ಕಾರಿ ಸೇವೆಯಲ್ಲಿ ಬಡ್ತಿಯಿಲ್ಲದೆ ಒಂದೇ ಹುದ್ದೆಯಲ್ಲಿದ್ದರೆ 10 ವರ್ಷಕ್ಕೆ ಕಾಲಮಿತಿ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ ಇದೆ. ಸಂಬಳದ ಶ್ರೇಣಿ ಏರುತ್ತದೆ, ಕೆಲಸ ಅದೇ. ನಿನ್ನಂಥ ಖಾಸಗಿಯವರಿಗೆ ಅದೂ ಇಲ್ಲ. ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ ರಚನೆಯಾದ ಸಮಿತಿ 2016ರಲ್ಲಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಆ ರಾಜ್ಯದ ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕೆಂದು ಶಿಫಾರಸು ಮಾಡಿತು. ಇಂಕ್ರಿಮೆಂಟ್ ಕೇಳುವಾಗ ಆ ಶಿಫಾರಸನ್ನು ಮುಂದಿಡು.

ಎರಡನೆಯದು ಕಲಿಕೆ ನಿಂತಿರುವುದು. ನಿನ್ನ ಪತ್ರ ಓದಿದರೆ ಮುಖ್ಯ ತೊಂದರೆ ಇದೇ ಅನಿಸುತ್ತದೆ. ನರ್ಸ್ ಹೇಗೆ ಪಳಗುತ್ತಾರೆ ಅನ್ನುವುದನ್ನು ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1980ರ ದಶಕದಲ್ಲಿ ಐದು ಹಂತವಾಗಿ ವಿವರಿಸಿದರು. ಒಂದೇ ಬಗೆಯ ರೋಗಿಗಳ ಜೊತೆ ಎರಡು-ಮೂರು ವರ್ಷ ಕೆಲಸ ಮಾಡಿದವರು ಮೂರನೇ ಹಂತಕ್ಕೆ ಬಂದಿರುತ್ತಾರೆ. ನೀನು ಅದನ್ನು ಯಾವತ್ತೋ ದಾಟಿದ್ದೀಯ. ಇದಕ್ಕೆ ರಾಜೀನಾಮೆ ಬೇಡ, ವಾರ್ಡ್ ಬದಲಾಗಬೇಕು: ಐಸಿಯು, ಡಯಾಲಿಸಿಸ್, ಓಟಿ (ಆಪರೇಷನ್ ಥಿಯೇಟರ್), ಎಲ್ಲಾದರೂ ಸರಿ.

ಆದರೆ ಬದಲಾವಣೆ ಕೆಡುವುದೂ ಮೊದಲ ಮೂರು ತಿಂಗಳಲ್ಲೇ. ಗೊತ್ತಿಲ್ಲದ ವಾರ್ಡಿಗೆ ಹೋದರೆ ಎಂಟು ವರ್ಷದ ಅನುಭವಿಯೂ ಹೊಸಬನೇ ಅಂತ ಬೆನ್ನರ್ ಅವರೇ ಹೇಳುತ್ತಾರೆ. ಐಸಿಯುನವರು ಮಾತ್ರ "ಸೀನಿಯರ್ ಬಂದ್ರು" ಅಂತ ಮೊದಲ ವಾರವೇ ನೈಟ್‌ಗೆ ಹಾಕುತ್ತಾರೆ. ವೆಂಟಿಲೇಟರ್ ಕೂಗಿದಾಗ ಹೋದವರ ಕೈ ನಡುಗುತ್ತದೆ, "ನನಗಿದು ಆಗಲ್ಲ" ಅಂತ ಅವರು ಹಳೇ ವಾರ್ಡಿಗೆ ವಾಪಸ್ ಬರುತ್ತಾರೆ. ಅದಕ್ಕೇ ಅರ್ಜಿಯಲ್ಲೇ ಕೇಳಿಕೊ: ಮೊದಲ ಎರಡು ವಾರ ಬೆಳಗಿನ ಶಿಫ್ಟು, ಒಬ್ಬ ಸೀನಿಯರ್ ಜೊತೆ, ಸ್ವಂತ ಪೇಷೆಂಟ್ ಇಲ್ಲದೆ. ಕ್ರ್ಯಾಶ್ ಕಾರ್ಟಿನ (ತುರ್ತು ಔಷಧಿ, ಸಲಕರಣೆ ಇಡುವ ಗಾಡಿ) ಯಾವ ಡ್ರಾಯರಿನಲ್ಲಿ ಏನಿದೆ ಅನ್ನೋದು ಕಣ್ಣುಮುಚ್ಚಿ ಹೇಳುವಷ್ಟು ಬರಲಿ. ಔಷಧಿಯನ್ನು ಅಳೆದು ರಕ್ತನಾಳಕ್ಕೆ ಬಿಡುವ ಇನ್‌ಫ್ಯೂಷನ್ ಪಂಪಿನ ಲೆಕ್ಕವನ್ನು ಕಾಗದದ ಮೇಲೆ ಮಾಡು. 50 ಮಿ.ಲೀ. ಸಿರಿಂಜಿನಲ್ಲಿ 4 ಮಿ.ಗ್ರಾಂ ನಾರ್‌ಅಡ್ರಿನಲಿನ್ (ಬಿಪಿ ಏರಿಸುವ ಔಷಧಿ) ಇದ್ದರೆ ಮಿ.ಲೀ.ಗೆ 80 ಮೈಕ್ರೋಗ್ರಾಂ. 60 ಕೆ.ಜಿ. ತೂಕದವರಿಗೆ ಡಾಕ್ಟರು ನಿಮಿಷಕ್ಕೆ ಕೆ.ಜಿ.ಗೆ 0.1 ಮೈಕ್ರೋಗ್ರಾಂ ಬರೆದರೆ ಗಂಟೆಗೆ 360 ಮೈಕ್ರೋಗ್ರಾಂ, ಅಂದರೆ 4.5 ಮಿ.ಲೀ. ತಪ್ಪುವುದು ಸಾಮಾನ್ಯವಾಗಿ ನಿಮಿಷವನ್ನು ಗಂಟೆಗೆ ತಿರುಗಿಸುವ ಕಡೆ.

ಮೂರನೆಯದು ನೀನು ಯಾಕೆ ಉಳಿದಿದ್ದೀಯ ಅನ್ನೋದು. ಇಷ್ಟಪಟ್ಟು ಉಳಿಯುವುದು, ಬಿಟ್ಟರೆ ನಷ್ಟ ಅಂತ ಉಳಿಯುವುದು, ಋಣ ಅಂತ ಉಳಿಯುವುದು ಬೇರೆ ಬೇರೆ. ಕೆನಡಾದ ಮೇಯರ್, ಆಲನ್, ಸ್ಮಿತ್ 1993ರಲ್ಲಿ ನರ್ಸ್‌ಗಳನ್ನೂ ನರ್ಸಿಂಗ್ ವಿದ್ಯಾರ್ಥಿಗಳನ್ನೂ ಕೇಳಿ ಈ ಮೂರನ್ನು ಬಿಡಿಸಿ ತೋರಿಸಿದರು. ವೃತ್ತಿಯ ಮೇಲಿನ ನಿಷ್ಠೆ ಬೇರೆ, ಸಂಸ್ಥೆಯ ಮೇಲಿನ ನಿಷ್ಠೆ ಬೇರೆ ಅನ್ನುವುದೂ ಅದರಲ್ಲಿತ್ತು. ಹಾಗಾಗಿ ಒಂದು ಪ್ರಶ್ನೆ: ಇದೇ ಕೆಲಸ, ಇದೇ ಸಂಬಳಕ್ಕೆ ಮಂಡ್ಯದಲ್ಲೇ ಸಿಕ್ಕರೆ ಹೋಗ್ತೀಯಾ? ಕುಣಿದುಕೊಂಡು ಹೋಗ್ತೀಯ ಅಂದರೆ ನಿನಗೆ ಸಾಕಾಗಿರುವುದು ನರ್ಸಿಂಗ್ ಅಲ್ಲ, ಓಡಾಟ.

ತೀರ್ಮಾನಕ್ಕೆ ಮುಂಚೆ ಒಂದು ಚಿಕ್ಕ ನೋಟ್‌ಬುಕ್ ಜೇಬಲ್ಲಿಡು. ಬೆಳಗ್ಗೆ, ಮಧ್ಯಾಹ್ನ, ನೈಟ್ ಮೂರೂ ಒಂದು ಸುತ್ತು ಮುಗಿಯುವವರೆಗೆ ಪ್ರತಿ ಶಿಫ್ಟಿನ ಕೊನೆಗೆ ಮೂರು ಸಾಲು ಬರಿ: ಪೇಷೆಂಟ್ ಹತ್ತಿರ ಎಷ್ಟು ಹೊತ್ತು, ಕೇಸ್‌ಶೀಟು, ಇಂಡೆಂಟು (ಸ್ಟೋರಿಗೆ ಬರೆಯುವ ಬೇಡಿಕೆ ಚೀಟಿ), ಫೋನು ಇವಕ್ಕೆ ಎಷ್ಟು ಹೊತ್ತು, ಸ್ವಂತ ಬುದ್ಧಿ ಬಳಸಿ ನಿರ್ಧಾರ ತಗೊಂಡಿದ್ದು ಏನು. ಕೆಟ್ಟ ದಿನ ಮಾತ್ರ ಬರೆದರೆ ಲೆಕ್ಕ ಸುಳ್ಳಾಗುತ್ತದೆ. ಪೇಷೆಂಟ್ ಹೆಸರು ಬರೆಯಬೇಡ. ನೈಟ್ ಮುಗಿಸಿ ಬಂದ ಬೆಳಗ್ಗೆ ಯಾವ ತೀರ್ಮಾನವೂ ಬೇಡ. ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿದ ಮೇಲೆ ಆ ನೋಟ್‌ಬುಕ್ ಓದು.

ಮುಂದಿನ ಓದಿನ ಬಗ್ಗೆ ನೀನು ಕೇಳಿದ್ದೆ. ಎಲ್ಲರೂ ಎಂ.ಎಸ್ಸಿ. ನರ್ಸಿಂಗ್ ಅಂತಾರೆ. ಎರಡು ವರ್ಷ, ಮುಗಿಸಿದವರಲ್ಲಿ ಬಹಳ ಜನ ಕಾಲೇಜಿನ ಪಾಠಕ್ಕೆ ಹೋಗುತ್ತಾರೆ. ಪಾಠ ಮಾಡುವ ಆಸೆ ನಿನಗಿದ್ದರೆ ಸರಿ. ರೋಗಿಯ ಪಕ್ಕದಲ್ಲೇ ಇರಬೇಕು ಅನ್ನುವವನಿಗೆ ನರ್ಸಿಂಗ್ ಓದು ಮುಗಿದ ಮೇಲೆ ಮಾಡುವ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಸಾಕು, ಕ್ರಿಟಿಕಲ್ ಕೇರ್‌ನಲ್ಲೋ (ತೀವ್ರ ನಿಗಾ) ಎಮರ್ಜೆನ್ಸಿಯಲ್ಲೋ. ಬಿ.ಎಸ್ಸಿ. ಆದವರಿಗೆ ಎರಡು ವರ್ಷದ ನರ್ಸ್ ಪ್ರ್ಯಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್ ಕೂಡ ಇದೆ, ಅದರ ಹೆಚ್ಚಿನ ಭಾಗ ಐಸಿಯುನಲ್ಲೇ ನಡೆಯುತ್ತದೆ. ನಿನಗೆ ಅದು ಹೊಂದುತ್ತದೆ ಅಂತ ನನ್ನ ಅನಿಸಿಕೆ. ಸೇರುವ ಮುಂಚೆ ಆ ಕಾಲೇಜಿಗೆ ಆ ಕೋರ್ಸಿಗೇ ಮಾನ್ಯತೆ ಇದೆಯಾ ನೋಡು.

ಯಾವ ದಾರಿಯಾದರೂ ಕಾಗದ ಸರಿಯಿರಲಿ. ಅನುಭವ ಪತ್ರದಲ್ಲಿ ಬರೀ 'ಸ್ಟಾಫ್ ನರ್ಸ್' ಅಂತಿದ್ದರೆ ಐಸಿಯು ಇಂಟರ್‌ವ್ಯೂನಲ್ಲಿ ಕೆಲಸಕ್ಕೆ ಬರಲ್ಲ. ವಾರ್ಡ್ ಯಾವುದು, ಎಷ್ಟು ಹಾಸಿಗೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಇಷ್ಟೂ ಬರೆಸು. ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿಯ ಅವಧಿ ಮುಗಿದಿದ್ದರೆ ಈಗಲೇ ನವೀಕರಿಸು. ಮೂಲ ಸರ್ಟಿಫಿಕೇಟ್ ಯಾರ ಕೈಗೂ ಇಡೋಕೆ ಕೊಡಬೇಡ, ಪರಿಶೀಲನೆಗೆ ತೋರಿಸಿ ವಾಪಸ್ ತಗೊ.

ನೋಟ್‌ಬುಕ್ ಒಂದು ಸುತ್ತು ಮುಗಿದಾಗ ಫೋಟೊ ಕಳಿಸು. ಯಾವ ವಾರ್ಡ್ ಕೇಳಬೇಕು ಅನ್ನೋದನ್ನ ಕೂತು ನೋಡಿ, ಅರ್ಜಿಯನ್ನೂ ಜೊತೆಗೇ ಬರೆಯೋಣ.

ನಿನ್ನ ಗೆಳೆಯ