ಹಳೆಯ ಕಂಪ್ಯೂಟರಿಗೆ ಮತ್ತೆ ವಿಂಡೋಸ್ ಹಾಕಿಸುವ ಮುನ್ನ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಅಂದಿನಿಂದ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ ಕೇಳಿಬರುತ್ತಿರುವುದು ಎರಡೇ ಮಾತು: ಹೊಸದು ತಗೊಳ್ಳಿ, ಇಲ್ಲವೇ ಫಾರ್ಮ್ಯಾಟ್ ಮಾಡಿಸಿ ಮತ್ತೆ ವಿಂಡೋಸ್ ಹಾಕಿಸಿ. ಈ ಎರಡು ಸಲಹೆಗಳೂ ಯಂತ್ರವನ್ನು ನೋಡದೆ ಕೊಡುವಂಥವು. ಹತ್ತು ವರ್ಷ ದಾಟಿದ ಕಂಪ್ಯೂಟರ್ ತೆವಳುವುದಕ್ಕೆ ಸಾಮಾನ್ಯವಾಗಿ ಕಾರಣ ಪ್ರೊಸೆಸರ್ ಅಲ್ಲ, ಒಳಗೆ ತಿರುಗುತ್ತಿರುವ ಹಾರ್ಡ್ ಡಿಸ್ಕ್. ಅದೇ ಡಿಸ್ಕಿಗೆ ಎಷ್ಟು ಸಲ ವಿಂಡೋಸ್ ಹಾಕಿದರೂ ಕೆಲವು ದಿನ ಚುರುಕಾಗಿದ್ದು ಮತ್ತೆ ಹಳೆಯ ಗತಿಗೇ ಬರುತ್ತದೆ.

ಇದನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದು. ಕಂಪ್ಯೂಟರ್ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಸಿಪಿಯು ಶೇ 20ರ ಆಸುಪಾಸಿನಲ್ಲಿದ್ದು ಡಿಸ್ಕ್ ಮಾತ್ರ ಶೇ 100ಕ್ಕೆ ಅಂಟಿಕೊಂಡು ನಿಮಿಷಗಟ್ಟಲೆ ಇಳಿಯದಿದ್ದರೆ ರೋಗ ಸಿಕ್ಕಿತು. ಚದುರಿ ಬಿದ್ದ ಸಣ್ಣ ಫೈಲುಗಳನ್ನು ಹುಡುಕಿ ಓದುವಾಗ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರರಷ್ಟು ಸಲ ಓದಿದರೆ ಹೆಚ್ಚು. ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ, ಅದು ಹಳೆಯ ಡಿಸ್ಕಿನ ಸಾಟಾ ಕೇಬಲಿಗೇ ಜೋಡಿಸುವ ಸಾಧಾರಣ ಮಾದರಿಯಾದರೂ, ಸಾವಿರಾರು ಸಲ ಓದುತ್ತದೆ. ಹಾಗಾಗಿ ಖರ್ಚು ಮಾಡುವುದೇ ಆದರೆ ಮೊದಲ ಖರ್ಚು ಎಸ್‌ಎಸ್‌ಡಿಗೆ ಇರಲಿ. ಮನೆಬಳಕೆಗೆ 240 ಅಥವಾ 256 ಜಿಬಿಯ ಎರಡೂವರೆ ಇಂಚಿನ ಸಾಟಾ ಮಾದರಿ ಸಾಕು. ಹಳೆಯ ಲ್ಯಾಪ್‌ಟಾಪ್ ಡಿಸ್ಕುಗಳು ಹೆಚ್ಚಾಗಿ 9.5 ಮಿ.ಮೀ. ದಪ್ಪ, ಎಸ್‌ಎಸ್‌ಡಿ 7 ಮಿ.ಮೀ. ಆದ್ದರಿಂದ ಅದು ಗೂಡಿನಲ್ಲಿ ಅಲುಗಾಡದಂತೆ ತೆಳು ಪ್ಲಾಸ್ಟಿಕ್ ಚೌಕಟ್ಟು ಬೇಕಾಗಬಹುದು. ಡೆಸ್ಕ್‌ಟಾಪ್ ಆದರೆ ಒಂದು ಸಾಟಾ ಕೇಬಲ್ ಜೊತೆಗಿರಲಿ.

ಎಸ್‌ಎಸ್‌ಡಿ ಹಾಕುವುದಿಲ್ಲ, ಇರುವ ಡಿಸ್ಕೇ ಸಾಕು ಅನ್ನುವವರು ಅದರ ಆರೋಗ್ಯವನ್ನಾದರೂ ನೋಡಲೇಬೇಕು. ವಿಂಡೋಸ್‌ನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಇದಕ್ಕಿದೆ. ಅದರಲ್ಲಿ ‘ರೀಅಲೊಕೇಟೆಡ್ ಸೆಕ್ಟರ್’, ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲುಗಳ ಎದುರು ಸೊನ್ನೆ ಇರಬೇಕು. ಸಂಖ್ಯೆ ಇದ್ದು ಅದು ಏರುತ್ತಿದ್ದರೆ ಆ ಡಿಸ್ಕಿಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ, ಮೊದಲು ಅದರಲ್ಲಿರುವುದನ್ನು ಹೊರತೆಗೆಯಿರಿ. ‘ಸಿಆರ್‌ಸಿ ಎರರ್ ಕೌಂಟ್’ ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ತಪ್ಪು ಡಿಸ್ಕಿನದಲ್ಲ, ಕೇಬಲಿನದು. ಕೇಬಲ್ ಬದಲಿಸಿದ ಮೇಲೆ ಆ ಸಂಖ್ಯೆ ಇಳಿಯುವುದಿಲ್ಲ, ಆದರೆ ಏರುವುದು ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಡಿಸ್ಕನ್ನು ಎಸೆದವರಿದ್ದಾರೆ.

ರ‍್ಯಾಮ್ 4 ಜಿಬಿಗಿಂತ ಕಡಿಮೆ ಇದ್ದರೆ ಹೆಚ್ಚಿಸುವುದು ಒಳ್ಳೆಯದು, 8 ಜಿಬಿ ಇದ್ದರೆ ನೆಮ್ಮದಿ. ಕೊಳ್ಳುವಾಗ ಡಿಡಿಆರ್3 ಮತ್ತು ಡಿಡಿಆರ್3ಎಲ್ ನಡುವಿನ ವ್ಯತ್ಯಾಸ ನೋಡಿ. ಮೊದಲನೆಯದು 1.5 ವೋಲ್ಟಿನದು, ಎರಡನೆಯದು 1.35 ವೋಲ್ಟಿನಲ್ಲೂ ನಡೆಯುತ್ತದೆ. ಡಿಡಿಆರ್3ಎಲ್ ಕೇಳುವ ಲ್ಯಾಪ್‌ಟಾಪಿಗೆ 1.5 ವೋಲ್ಟಿನದನ್ನು ಹಾಕಿದರೆ ಅದು ಆನ್ ಆಗದೆಯೂ ಇರಬಹುದು.

ಇನ್ನು ಯಾವ ಆಪರೇಟಿಂಗ್ ಸಿಸ್ಟಮ್ ಎಂಬ ಪ್ರಶ್ನೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0 (ಭದ್ರತೆಯ ಚಿಪ್), ಯುಇಎಫ್‌ಐ (ಕಂಪ್ಯೂಟರನ್ನು ಆನ್ ಮಾಡಿ ಎಬ್ಬಿಸುವ ಬಯಾಸ್‌ನ ಹೊಸ ರೂಪ), 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಮತ್ತು ಸ್ಥೂಲವಾಗಿ ಹೇಳುವುದಾದರೆ ಇಂಟೆಲ್‌ನ 8ನೇ ತಲೆಮಾರಿನ ಅಥವಾ ಎಎಂಡಿ ರೈಜನ್ 2000 ಸರಣಿಯ, ಇಲ್ಲವೇ ಅವುಗಳ ನಂತರದ ಪ್ರೊಸೆಸರ್. ರೂಫಸ್‌ನಂಥ ತಂತ್ರಾಂಶ ಈ ತಪಾಸಣೆಯನ್ನು ತಪ್ಪಿಸಿ ಇನ್‌ಸ್ಟಾಲ್ ಮಾಡಿಕೊಡುತ್ತದೆ, ನಿಜ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿಗೆ ಆ ದಾರಿ ಬೇಡ. ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಪ್ರತಿ ಸಲವೂ ಕೈಯಾರೆ ಹಾಕಿಕೊಳ್ಳಬೇಕಾಗುತ್ತದೆ. ಕೋರ್ 2 ಡ್ಯುಯೊ ಕಾಲದ ಪ್ರೊಸೆಸರುಗಳಲ್ಲಂತೂ ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬೇಕಾದ ಸೂಚನೆಗಳೇ (ಇನ್‌ಸ್ಟ್ರಕ್ಷನ್) ಇಲ್ಲ. ಅಲ್ಲಿ ಯಾವ ಉಪಾಯದಿಂದಲೂ ಅದು ಬೂಟ್ ಆಗದು.

ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಲೆಕ್ಕಪತ್ರದ ತಂತ್ರಾಂಶವೋ ಸ್ಕ್ಯಾನರೋ ಇದ್ದವರು ವಿಂಡೋಸ್ 10ರಲ್ಲೇ ಉಳಿಯಬೇಕಾಗಬಹುದು. ಅವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಘೋಷಿಸಿದೆ. ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಳ್ಳಬೇಕು. ಆ್ಯಂಟಿವೈರಸ್ ಅಪ್‌ಡೇಟ್ ಆಗುತ್ತಲೇ ಇದೆಯಲ್ಲ ಎಂದು ಸುಮ್ಮನಿರುವವರು ಬಹಳ. ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್‌ಗೆ ವೈರಸ್ ಪಟ್ಟಿ ಬರುವುದು ಬೇರೆ, ವಿಂಡೋಸ್‌ನ ಒಳಗಿನ ತೂತು ಮುಚ್ಚುವುದು ಬೇರೆ. ಎರಡನೆಯದು ನಿಂತ ಮೇಲೆ ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಬೇಡ.

ಹೀಗೆ ವಿಂಡೋಸ್ 10ನ್ನೇ ಮತ್ತೆ ಹಾಕುವವರು ಮೊದಲಿದ್ದ ಆವೃತ್ತಿಯನ್ನೇ, ಅಂದರೆ ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ ಆರಿಸಬೇಕು. ಕೀ ಕೇಳಿದಾಗ ‘ನನ್ನ ಬಳಿ ಕೀ ಇಲ್ಲ’ ಎಂದು ಮುಂದುವರಿದರಾಯಿತು. ಅದೇ ಮದರ್‌ಬೋರ್ಡ್ ಆಗಿದ್ದು, ಹಿಂದೆ ಸಕ್ರಮವಾಗಿ ಆ್ಯಕ್ಟಿವೇಟ್ ಆಗಿದ್ದರೆ ಇಂಟರ್ನೆಟ್ ಸಿಕ್ಕೊಡನೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ದಯವಿಟ್ಟು ಯಾರೂ ಕ್ರ್ಯಾಕ್ ಮಾಡಿದ ಆ್ಯಕ್ಟಿವೇಟರ್ ಹಾಕಿಸಿಕೊಳ್ಳಬೇಡಿ. ಅದು ಓಡಬೇಕಾದರೆ ಆ್ಯಂಟಿವೈರಸ್ ಆಫ್ ಮಾಡಿ ಎನ್ನುತ್ತದೆ. ಅಷ್ಟು ಕೇಳಿದ ಮೇಲೂ ಅದನ್ನು ನಂಬುವುದು ಹೇಗೆ?

ಉಳಿದವರಿಗೆ, ಅಂದರೆ ಬ್ರೌಸರ್, ಇಮೇಲ್, ವಿಡಿಯೊ, ಪತ್ರ ಬರೆಯುವುದು ಇಷ್ಟೇ ಕೆಲಸ ಇರುವವರಿಗೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಸಾಕು ಎಂದು ಗಟ್ಟಿಯಾಗಿ ಹೇಳಬಲ್ಲೆ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ 22ರ ಹಗುರ ರೂಪವಾದ ಎಕ್ಸ್‌ಎಫ್‌ಸಿಇ, 8 ಜಿಬಿ ಇದ್ದರೆ ಅದರದೇ ಸಿನಮನ್ ರೂಪ. 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. 2 ಜಿಬಿಯ ಯಂತ್ರಕ್ಕೆ ಲುಬುಂಟು ಅಥವಾ ಆ್ಯಂಟಿಎಕ್ಸ್ ಹೊಂದುತ್ತದೆ. ಆದರೆ ಅಲ್ಲಿ ಭಾರವಾಗುವುದು ಆಪರೇಟಿಂಗ್ ಸಿಸ್ಟಮ್ ಅಲ್ಲ, ಬ್ರೌಸರ್. ಮೂರು-ನಾಲ್ಕು ಟ್ಯಾಬ್ ದಾಟಿದರೆ ಯಾವ ಲಿನಕ್ಸೂ ಕಾಪಾಡದು. ಪ್ರೊಸೆಸರೇ 32 ಬಿಟ್ಟಿನದಾದರೆ ಆಯ್ಕೆ ಇನ್ನೂ ಕಿರಿದು. ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನ 2025ರಲ್ಲಿ ಬಂದ 13ನೇ ಆವೃತ್ತಿಯಲ್ಲಿ 32 ಬಿಟ್‌ನ ಇನ್‌ಸ್ಟಾಲರ್ ಇಲ್ಲ, ಡೆಬಿಯನ್ 12ರಲ್ಲಿ ಇದೆ. ಆದರೆ ತೀರ್ಮಾನಿಸುವ ಮುನ್ನ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟ ನೋಡಿ. 64 ಬಿಟ್ ಪ್ರೊಸೆಸರಿಗೆ 32 ಬಿಟ್ ವಿಂಡೋಸ್ ಹಾಕಿರುವುದು ತೀರಾ ಸಾಮಾನ್ಯ.

ಡೇಟಾ ಕಳೆದುಕೊಳ್ಳುವುದು ಹೆಚ್ಚಾಗಿ ಒಂದೇ ನಂಬಿಕೆಯಿಂದ: ‘ಎಲ್ಲ ಡಿ ಡ್ರೈವ್‌ನಲ್ಲಿದೆ, ಏನೂ ಆಗಲ್ಲ’. ಸಿ ಮತ್ತು ಡಿ ಬಹುತೇಕ ಕಂಪ್ಯೂಟರುಗಳಲ್ಲಿ ಒಂದೇ ಡಿಸ್ಕಿನ ಎರಡು ಭಾಗ. ಇನ್‌ಸ್ಟಾಲರ್‌ನಲ್ಲಿ ‘ಇಡೀ ಡಿಸ್ಕ್ ಅಳಿಸು’ ಎಂದು ಒತ್ತಿದರೆ ಎರಡೂ ಹೋಗುತ್ತವೆ. ಹೊರಗಿನ ಡಿಸ್ಕಿಗೆ ನಕಲು ಮಾಡಿ, ಇನ್ನೊಂದು ಕಂಪ್ಯೂಟರಿನಲ್ಲಿ ನಾಲ್ಕಾರು ಫೈಲ್ ತೆರೆದು ನೋಡಿದ ಮೇಲೆಯೇ ಅದು ಬ್ಯಾಕಪ್. ಡೆಸ್ಕ್‌ಟಾಪ್ ಮೇಲಿನ ಫೈಲುಗಳು, ಡೌನ್‌ಲೋಡ್ಸ್, ಬ್ರೌಸರಿನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್, ಔಟ್‌ಲುಕ್‌ನ ಮೇಲ್ ಫೈಲ್ ಇವು ಮರೆತುಹೋಗುವ ಬಾಬತ್ತುಗಳು. ಡಿಸ್ಕಿಗೆ ಬೀಗ ಹಾಕಿಡುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಕನ್ನಡಿಗರು ಗಮನಿಸಬೇಕಾದ ಇನ್ನೊಂದು ಸಂಗತಿ, ಹಿಂದೆ ನುಡಿ ಅಥವಾ ಬರಹದಲ್ಲಿ ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳು. ಆ ಫಾಂಟ್ ಇಲ್ಲದ ಕಡೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫಾರ್ಮ್ಯಾಟ್ ಮಾಡುವ ಮೊದಲೇ ಫಾಂಟ್ ಫೈಲುಗಳನ್ನೂ ನಕಲು ಮಾಡಿಕೊಳ್ಳಿ, ಸಾಧ್ಯವಾದರೆ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿಡಿ. ಹೊಸ ಬರವಣಿಗೆಗೆ ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ನುಡಿಯ ಕೆಜಿಪಿ ಕೀಲಿಮಣೆ ಸಿಗುತ್ತದೆ.

ಇನ್‌ಸ್ಟಾಲ್ ಮಾಡಲು ಬಳಸುವ ಪೆನ್‌ಡ್ರೈವ್ 8 ಜಿಬಿಯದಿರಲಿ, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಡೌನ್‌ಲೋಡ್ ಮಾಡಿದ ಐಎಸ್ಒ ಫೈಲನ್ನು (ಇಡೀ ಆಪರೇಟಿಂಗ್ ಸಿಸ್ಟಮ್ ಇರುವ ಫೈಲ್) ಸುಮ್ಮನೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ರೂಫಸ್ ತಂತ್ರಾಂಶದಿಂದ, ಲಿನಕ್ಸ್ ಆದರೆ ಎಚರ್‌ನಿಂದಲೂ, ಬರೆಯಬೇಕು. ಬರೆಯುವ ಮುನ್ನ ಫೈಲಿನ ಶಾ-256 ಸಂಖ್ಯೆಯನ್ನು (ಫೈಲಿನ ಬೆರಳಚ್ಚಿನಂಥ ಗುರುತು) ಜಾಲತಾಣದಲ್ಲಿ ಕೊಟ್ಟದ್ದಕ್ಕೆ ಹೋಲಿಸಿ. ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುವುದಕ್ಕೆ ಅರೆಬರೆ ಇಳಿದ ಫೈಲ್ ಒಂದು ದೊಡ್ಡ ಕಾರಣ. ಆನ್ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿದರೆ ಬೂಟ್ ಮೆನು ಬರುತ್ತದೆ. ಅಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಬಹುದು, ಒಂದರ ಹೆಸರಿನ ಜೊತೆ ಯುಇಎಫ್‌ಐ ಎಂದಿರುತ್ತದೆ. ಯಂತ್ರ ಯುಇಎಫ್‌ಐನಲ್ಲಿ ನಡೆಯುವುದಾದರೆ ಅದನ್ನೇ ಆರಿಸಿ. ಒಂದು ವಿಧಾನದಲ್ಲಿ ಇನ್‌ಸ್ಟಾಲ್ ಮಾಡಿ ಬಯಾಸ್ ಇನ್ನೊಂದಕ್ಕೆ ಹೊಂದಿಸಿದ್ದರೆ, ಎಲ್ಲ ಸರಿಯಾಗಿ ಮುಗಿದ ಮೇಲೂ ‘ಬೂಟ್ ಡಿವೈಸ್ ಇಲ್ಲ’ ಎಂದು ಕಪ್ಪು ಪರದೆ ನಿಲ್ಲುತ್ತದೆ.

ಲಿನಕ್ಸನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ವೈಫೈ, ಸೌಂಡ್, ಪ್ರಿಂಟರ್, ಕ್ಯಾಮೆರಾ, ಲ್ಯಾಪ್‌ಟಾಪ್ ಮುಚ್ಚಿ ತೆರೆದಾಗ ಎಚ್ಚರವಾಗುವುದು, ಇಷ್ಟನ್ನೂ ಆಗಲೇ ಪರೀಕ್ಷಿಸಿ. ಬ್ರಾಡ್‌ಕಾಮ್ ವೈಫೈ ಚಿಪ್ ಇರುವ ಹಳೆಯ ಲ್ಯಾಪ್‌ಟಾಪುಗಳಲ್ಲಿ ನೆಟ್‌ವರ್ಕ್ ಕಾಣದಿದ್ದರೆ ಗಾಬರಿ ಬೇಡ. ಫೋನನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ ಹಾಕಿಕೊಳ್ಳಬಹುದು. ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸಾಟಾ ವಿಧಾನ ರೇಯ್ಡ್ ಎಂದಿರಬಹುದು, ಎಎಚ್‌ಸಿಐಗೆ ಬದಲಿಸಿ. ಹಾಗೆ ಬದಲಿಸಿದರೆ ಹಳೆಯ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು, ಅದನ್ನು ಉಳಿಸಿಕೊಳ್ಳುವವರು ಮೊದಲೇ ಯೋಚಿಸಬೇಕು.

ಒಂದು ಸಣ್ಣ ಭಾಗ ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ಮದರ್‌ಬೋರ್ಡಿನ ಸಿಮಾಸ್ ಬ್ಯಾಟರಿ ಸತ್ತಿದ್ದರೆ ಪ್ಲಗ್ ತೆಗೆದಾಗಲೆಲ್ಲ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ತಾರೀಕು ತಪ್ಪಿದ್ದರೆ ಸರ್ಟಿಫಿಕೇಟ್ ಸರಿಯಿಲ್ಲ ಎಂದು ಬ್ರೌಸರ್ ತಾಣಗಳನ್ನು ತೆರೆಯುವುದಿಲ್ಲ, ಅಪ್‌ಡೇಟ್ ಕೂಡ ನಡೆಯದೆ ಹೋಗಬಹುದು. ಜನ ವೈರಸ್ ಎಂದುಕೊಂಡು ಮತ್ತೆ ಫಾರ್ಮ್ಯಾಟ್ ಮಾಡಿಸುತ್ತಾರೆ. ಡೆಸ್ಕ್‌ಟಾಪುಗಳಲ್ಲಿ ಅದು ಸಾಮಾನ್ಯವಾಗಿ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ, ಬದಲಿಸಲು ಐದು ನಿಮಿಷ ಬೇಡ. ಬದಲಿಸಿದ ಮೇಲೆ ಬಯಾಸ್‌ನಲ್ಲಿ ತಾರೀಕಿನ ಜೊತೆಗೆ ಬೂಟ್ ವಿಧಾನ, ಸಾಟಾ ವಿಧಾನ ಎರಡನ್ನೂ ಮತ್ತೊಮ್ಮೆ ನೋಡಿ, ಅವು ಮೂಲಸ್ಥಿತಿಗೆ ಮರಳಿರಬಹುದು.

ಎಸ್‌ಎಸ್‌ಡಿ ಹಾಕುವವರು ಹಳೆಯ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟೇ ಇನ್‌ಸ್ಟಾಲ್ ಶುರು ಮಾಡಲಿ, ತಪ್ಪು ಡಿಸ್ಕ್ ಅಳಿಸುವ ಪ್ರಶ್ನೆಯೇ ಬರುವುದಿಲ್ಲ. ಆ ಡಿಸ್ಕನ್ನು ಹೊಸ ವ್ಯವಸ್ಥೆ ಒಂದು ತಿಂಗಳಾದರೂ ಸರಿಯಾಗಿ ನಡೆಯುವವರೆಗೆ ಅಳಿಸದೆ ಇಡಿ, ಯಾರಿಗೂ ಕೊಡಬೇಡಿ.

ಇಂತಿ,
ಒಬ್ಬ ಓದುಗ